ಮನೆಗೆ ಬೆಲೆ ಕಟ್ಟುವ ಲೆಕ್ಕ

ಮಲೆನಾಡಿನಲ್ಲಿ 'ಈ ಮನೆ ಎಷ್ಟು ಬೆಲೆ ಬಾಳೀತು?' ಎಂಬ ಮಾತು ಸುಮ್ಮನೆ ಏಳುವುದಿಲ್ಲ. ಒಂದೋ ಅಣ್ಣ ತಮ್ಮಂದಿರು ಹಿಸ್ಸೆಗೆ ಕುಳಿತಿರಬೇಕು, ಇಲ್ಲವೇ ಮಕ್ಕಳ ಓದಿಗೆ ಸಾಲ ಬೇಕಾಗಿರಬೇಕು. ಎರಡೂ ಸಂದರ್ಭಗಳಲ್ಲಿ ತಪ್ಪು ಉತ್ತರ ದುಬಾರಿಯಾಗುತ್ತದೆ. ಹಿಸ್ಸೆಯಲ್ಲಿ ತಪ್ಪಿದರೆ ಒಡಹುಟ್ಟಿದವರು ಮಾತು ಬಿಡುತ್ತಾರೆ. ಸಾಲದಲ್ಲಿ ತಪ್ಪಿದರೆ ಸೂರಿಗೇ ಸಂಚಕಾರ.

ಸಾಗರದ ಪೇಟೆಯಲ್ಲಿ ಒಂದು ತಾರಸಿ ಮನೆ ಇದೆ ಎಂದಿಟ್ಟುಕೊಳ್ಳಿ. ನಲವತ್ತು ಅಡಿ ಅಗಲ, ಅರವತ್ತು ಅಡಿ ಉದ್ದದ ನಿವೇಶನ. ಮನೆಗೆ ಮೂವತ್ತು ವರ್ಷ ವಯಸ್ಸು. ಮಗಳಿಗೆ ಹೊರ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಹನ್ನೆರಡು ಲಕ್ಷ ರೂಪಾಯಿ ಸಾಲ ಬೇಕು. ಶಿಕ್ಷಣ ಸಾಲ ಏಳೂವರೆ ಲಕ್ಷ ರೂಪಾಯಿ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ತಂದೆ ಮನೆಯ ಬೆಲೆ ವಿಚಾರಿಸಲು ಹೊರಡುತ್ತಾರೆ. ಪೇಟೆಯ ದಲ್ಲಾಳಿ ಹೇಳುವುದು 50 ಲಕ್ಷ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದಂತೆ 26 ಲಕ್ಷ. ಬ್ಯಾಂಕಿನ ಮೌಲ್ಯಮಾಪಕರು ಬರೆಯುವುದು 34 ಲಕ್ಷ. ಮನೆ ಒಂದೇ, ಬೆಲೆ ಮೂರು. ಹಾಗಾದರೆ ಇವರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?

ಯಾರೂ ಸುಳ್ಳು ಹೇಳದಿರಬಹುದು. ಬೆಲೆ ಎಂಬುದು ಗೋಡೆಯ ಮೇಲೆ ಬರೆದಿಟ್ಟ ಅಂಕಿಯಲ್ಲ, ಅದೊಂದು ಅಂದಾಜು. ಯಾವ ಕೋಲಿನಿಂದ, ಯಾವ ಕಾರಣಕ್ಕೆ ಅಳೆದರು ಎಂಬುದರ ಮೇಲೆ ಅದು ನಿಂತಿದೆ. ಹೀಗೆ ಅಳೆದು, ಸರಾಸರಿ ತೆಗೆದು ಬೆಲೆ ಕಟ್ಟುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ.

ಶಿವಪ್ಪ ನಾಯಕನ ಶಿಸ್ತು

ಸಾಗರದಿಂದ ಕೂಗಳತೆಯಲ್ಲೇ ಇರುವ ಕೆಳದಿ, ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಊರು. ಮುಂದೆ ರಾಜಧಾನಿ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ, ಅಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರಕ್ಕೆ, ಹೋಯಿತು. ಈ ಮನೆತನದ ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿದ. ಅವನ ಹೆಸರು ಜನರ ಬಾಯಲ್ಲಿ ಉಳಿದಿರುವುದು ಯುದ್ಧಗಳಿಗಿಂತ ಹೆಚ್ಚಾಗಿ 'ಶಿಸ್ತಿ'ನಿಂದ. ಶಿಸ್ತು ಎಂದರೆ ಅವನು ಜಾರಿಗೆ ತಂದ ಭೂಕಂದಾಯದ ವ್ಯವಸ್ಥೆ.

ಅದರ ತಿರುಳು ಸರಳ. ಮಣ್ಣಿನ ಗುಣ ಮತ್ತು ನೀರಿನ ಅನುಕೂಲ ನೋಡಿ ಊರಿನ ಸಾಗುವಳಿ ನೆಲವನ್ನು ಐದು ತರಗತಿಗಳಾಗಿ ವಿಂಗಡಿಸಿದರು. ಎಷ್ಟು ಖಂಡುಗ ಬೀಜ ಬಿತ್ತುವ ನೆಲ ಎಂಬುದೇ ಅದರ ಅಳತೆ. ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು ಎಂದು ಹಲವು ವರ್ಷಗಳ ಲೆಕ್ಕ ಹಿಡಿದು ಸರಾಸರಿ ತೆಗೆದರು. ಹುಟ್ಟುವಳಿಯ ಮೂರನೆಯ ಒಂದು ಪಾಲು ಅರಮನೆಗೆ ಎಂದು ಗೊತ್ತುಮಾಡಿದರು. ಎಲ್ಲ ಊರಿಗೂ ಒಂದೇ ದರವಿರಲಿಲ್ಲ, ಇಳುವರಿಗೆ ತಕ್ಕಂತೆ ಊರಿಂದೂರಿಗೆ ದರ ಬದಲಾಗುತ್ತಿತ್ತು. ಅಡಿಕೆ ತೋಟ ಅಳೆಯಲು ಬೇರೆಯೇ ಕೋಲಿತ್ತು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲೇ ಅದಕ್ಕೆ ಪ್ರಮಾಣ, ಸುಮಾರು ಹದಿನೆಂಟೂವರೆ ಅಡಿ ಎಂದು ಹಳೆಯ ಗೆಜೆಟಿಯರು ಹೇಳುತ್ತದೆ. ಉತ್ತರದಲ್ಲಿ ಅಕ್ಬರನ ಮಂತ್ರಿ ತೋದರಮಲ್ಲ 1580ರ ಸುಮಾರಿಗೆ ಹತ್ತು ವರ್ಷಗಳ ಸರಾಸರಿ ಹಿಡಿದು ಕಂದಾಯ ಕಟ್ಟಿದ್ದೂ ಇದೇ ಜಾಡಿನ ಕೆಲಸ.

ಇದರಲ್ಲಿ ಮೂರು ಪಾಠಗಳಿವೆ. ಎಲ್ಲರಿಗೂ ಒಂದೇ ಅಳತೆಗೋಲು ಇರಬೇಕು. ಉತ್ತಮವನ್ನು ಉತ್ತಮದೊಡನೆ, ಕನಿಷ್ಠವನ್ನು ಕನಿಷ್ಠದೊಡನೆ ಹೋಲಿಸಬೇಕು. ಒಂದೇ ವರ್ಷದ ಬೆಳೆ ನೋಡಿ ತೀರ್ಮಾನಿಸದೆ ಸರಾಸರಿ ತೆಗೆಯಬೇಕು. ಇಂದಿನ ಮೌಲ್ಯಮಾಪಕರು ಮನೆಗೆ ಬೆಲೆ ಕಟ್ಟುವಾಗ ಮಾಡುವುದೂ ಇದನ್ನೇ.

ಮೂರು ದಾರಿ

ಮಾರುಕಟ್ಟೆ ಬೆಲೆ ಎಂದರೇನು? ಕೊಳ್ಳಲೇಬೇಕೆಂಬ ಒತ್ತಾಯವಿಲ್ಲದ ಗಿರಾಕಿ, ಮಾರಲೇಬೇಕೆಂಬ ತುರ್ತಿಲ್ಲದ ಮಾಲೀಕ, ಇಬ್ಬರಿಗೂ ಆಸ್ತಿಯ ಗುಣದೋಷ ಚೆನ್ನಾಗಿ ಗೊತ್ತು. ಇಂಥ ಇಬ್ಬರು ಒಪ್ಪಿ ಕೈಕುಲುಕುವ ಮೊತ್ತವೇ ಮಾರುಕಟ್ಟೆ ಬೆಲೆ. ಅದನ್ನು ಅಂದಾಜು ಮಾಡಲು ಮೂರು ದಾರಿಗಳಿವೆ. ಹೈಸ್ಕೂಲಿನ ಗಣಿತ ಬಲ್ಲ ಯಾವ ವಿದ್ಯಾರ್ಥಿಯಾದರೂ ಈ ಲೆಕ್ಕ ಮಾಡಬಹುದು. ಇಲ್ಲಿ ಕೊಟ್ಟಿರುವ ದರಗಳು ಲೆಕ್ಕ ತಿಳಿಸಲು ಇಟ್ಟುಕೊಂಡವು, ಸಾಗರದ ಇಂದಿನ ದರಗಳಲ್ಲ.

ಮೊದಲನೆಯದು ಹೋಲಿಕೆಯ ದಾರಿ. ಹತ್ತಿರದಲ್ಲಿ ಈಚೆಗೆ ಮಾರಾಟವಾದ ಮೂರು ನಿವೇಶನಗಳನ್ನು ಹಿಡಿಯಬೇಕು. ಒಂದು ಮುಖ್ಯರಸ್ತೆಯದು, ಚದರಡಿಗೆ 1,120 ರೂಪಾಯಿಗೆ ಹೋಗಿದೆ. ನಮೂನೆಯ ಮನೆ ಮುಖ್ಯರಸ್ತೆಯಲ್ಲಿಲ್ಲ, ಆದ್ದರಿಂದ ಶೇಕಡಾ ಹತ್ತು ಕಳೆದರೆ 1,008. ಎರಡನೆಯದು ಅದೇ ಬೀದಿಯದು, 950ಕ್ಕೆ ಮಾರಾಟವಾಗಿ ಎರಡು ವರ್ಷವಾಯಿತು. ಆಮೇಲಿನ ಏರಿಕೆಗೆಂದು ಶೇಕಡಾ ಐದು ಕೂಡಿಸಿದರೆ 998. ಮೂರನೆಯದು ಕಾರು ಹೋಗದ ಓಣಿಯದು, 900 ರೂಪಾಯಿ. ಶೇಕಡಾ ಹತ್ತು ಕೂಡಿಸಿದರೆ 990. ಮೂರರ ಸರಾಸರಿ 999, ಅಂದರೆ ಹೆಚ್ಚುಕಡಿಮೆ 1,000 ರೂಪಾಯಿ. 2,400 ಚದರಡಿಗೆ 24 ಲಕ್ಷ ರೂಪಾಯಿ ನೆಲದ ಬೆಲೆಯಾಯಿತು.

ಎರಡನೆಯದು ಖರ್ಚು ಮತ್ತು ಸವಕಳಿಯ ದಾರಿ. ಕಟ್ಟಡ 1,200 ಚದರಡಿ. ಅಂಥದೇ ಮನೆಯನ್ನು ಇಂದು ಹೊಸದಾಗಿ ಕಟ್ಟಲು ಚದರಡಿಗೆ 1,800 ರೂಪಾಯಿ ಎಂದರೆ 21,60,000 ರೂಪಾಯಿ. ಆದರೆ ಮನೆ ಹೊಸದಲ್ಲ. ಅದರ ಒಟ್ಟು ಆಯುಸ್ಸು ಅರವತ್ತು ವರ್ಷ, ಕೊನೆಗೆ ಕೆಡವಿದಾಗ ಬಾಗಿಲು, ಕಿಟಕಿ, ಕಬ್ಬಿಣದಿಂದ ಶೇಕಡಾ ಹತ್ತು ಬೆಲೆ ಸಿಕ್ಕೀತು ಎಂದು ಹಿಡಿದರೆ, ಅರವತ್ತು ವರ್ಷದಲ್ಲಿ ಸವೆಯುವುದು ಶೇಕಡಾ ತೊಂಬತ್ತು. ಮೂವತ್ತು ವರ್ಷಕ್ಕೆ ಶೇಕಡಾ ನಲವತ್ತೈದು, ಅಂದರೆ 9,72,000 ರೂಪಾಯಿ. ಉಳಿದದ್ದು 11,88,000. ನೆಲ ಮತ್ತು ಕಟ್ಟಡ ಸೇರಿ 35,88,000 ರೂಪಾಯಿ. ಬ್ಯಾಂಕಿನವರ 34 ಲಕ್ಷ ಇದರ ಹತ್ತಿರಕ್ಕೇ ಬರುತ್ತದೆ. ದಲ್ಲಾಳಿಯ 50 ಲಕ್ಷ ಆಸೆಯ ಬೆಲೆ.

ಮೂರನೆಯದು ಆದಾಯದ ದಾರಿ. ಮನೆಯನ್ನು ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 8,000, ವರ್ಷಕ್ಕೆ 96,000 ರೂಪಾಯಿ ಬಂದೀತು. ತೆರಿಗೆ, ರಿಪೇರಿಗೆ 16,000 ಕಳೆದರೆ ಉಳಿಯುವುದು 80,000. ಹಾಕಿದ ಹಣಕ್ಕೆ ಶೇಕಡಾ ನಾಲ್ಕು ಹುಟ್ಟಿದರೆ ಸಾಕು ಎನ್ನುವವರಿಗೆ ಈ ಮನೆ 20 ಲಕ್ಷ ಬಾಳುತ್ತದೆ. ಮೊದಲಿನ ಲೆಕ್ಕಕ್ಕೂ ಇದಕ್ಕೂ ಭಾರಿ ಅಂತರ. ನಮ್ಮ ಕಡೆ ಜನ ಸ್ವಂತ ಮನೆಗೆ ಹಣ ಹಾಕುವುದು ಬಾಡಿಗೆಯ ಆಸೆಗಲ್ಲ. ನೆಲದ ಬೆಲೆ ಮುಂದೆ ಏರೀತು ಎಂಬ ನಂಬಿಕೆ ಮತ್ತು ತಲೆಯ ಮೇಲೊಂದು ಸ್ವಂತ ಸೂರಿರಲಿ ಎಂಬ ಬಯಕೆ, ಈ ಅಂತರದಲ್ಲಿ ಎರಡೂ ಸೇರಿವೆ. ಅಂಗಡಿ ಮಳಿಗೆಗೆ ಮಾತ್ರ ಆದಾಯದ ದಾರಿಯೇ ಹೆಚ್ಚು ಸರಿ ಹೊಂದುತ್ತದೆ.

ಮರ, ನೀರು, ದಾರಿ

ಹಳ್ಳಿಯ ಮನೆಗೆ ಬಂದರೆ ಲೆಕ್ಕ ಇಷ್ಟು ಸಲೀಸಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯ ಹಳೆಯ ಮನೆಯಲ್ಲಿ ಗೋಡೆಗಿಂತ ಮರಕ್ಕೇ ಬೆಲೆ ಹೆಚ್ಚು. ಕಂಬ, ತೊಲೆ, ಮುಚ್ಚಿಗೆಗೆ ಹಾಕಿದ ಒಳ್ಳೆಯ ಮರ ನೂರು ವರ್ಷವಾದರೂ ಗಟ್ಟಿಯಾಗಿರಬಹುದು. ಅದೇ ಮರಕ್ಕೆ ಗೆದ್ದಲು ಹಿಡಿದಿದ್ದರೆ ಇಡೀ ಮಾಡು ಇಳಿಸಿ ಕಟ್ಟಬೇಕಾದ ಖರ್ಚು ತಲೆಗೆ ಬರುತ್ತದೆ. ಮಳೆ ಬೀಳುವ ಬದಿಯ ಗೋಡೆಯ ತೇವ, ಬೇಸಿಗೆಯಲ್ಲೂ ಬತ್ತದ ಬಾವಿ, ಮಳೆಗಾಲದಲ್ಲೂ ಅಂಗಳಕ್ಕೆ ವಾಹನ ಬರುವ ದಾರಿ, ಇವೆಲ್ಲ ಬೆಲೆಯಲ್ಲಿ ಏರಿಳಿತ ತರುವ ಸಂಗತಿಗಳು.

ದಾರಿಯ ಮಹಿಮೆಗೆ ಹತ್ತಿರದ ಉದಾಹರಣೆ ಶರಾವತಿ ಹಿನ್ನೀರಿನದು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಸಿಗಂದೂರು, ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚಿಗಾಗಿ ಕಾಯಬೇಕಿತ್ತು. ಸೇತುವೆ ಬಂದ ಮಾತ್ರಕ್ಕೆ ಆ ಕಡೆಯ ಮನೆಗಳಿಗೆ ಒಂದು ಇಟ್ಟಿಗೆಯೂ ಹೆಚ್ಚಾಗಲಿಲ್ಲ. ಆದರೂ ಕೊಳ್ಳುವವರ ಕಣ್ಣಿಗೆ ಅವು ಮೊದಲಿನ ಮನೆಗಳಲ್ಲ. ಹಳೆಯ ಮಾರಾಟಗಳನ್ನು ಹೋಲಿಕೆಗೆ ಹಿಡಿಯುವವರು ಅವು ಸೇತುವೆಗೆ ಮೊದಲಿನವೋ ಆಮೇಲಿನವೋ ಎಂದು ನೋಡಲೇಬೇಕು.

ಕಾಗದ ಇಲ್ಲದ ಮನೆ

ಇಷ್ಟೆಲ್ಲ ಇದ್ದರೂ ಕಾಗದಪತ್ರ ಸರಿಯಿಲ್ಲದಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ಋಣಭಾರ ಪತ್ರ ಇವು ಮೊದಲ ಮೆಟ್ಟಿಲು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕಾಗುತ್ತವೆ. ತೋಟದ ನಡುವೆ, ಭೂ ಪರಿವರ್ತನೆಯಾಗದ ಜಮೀನಿನಲ್ಲಿ ಕಟ್ಟಿದ ಮನೆ ನೋಡಲು ಅರಮನೆಯಂತಿದ್ದರೂ ಅದನ್ನು ಆಧಾರವಾಗಿ ಹಿಡಿಯಲು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲ ವಸೂಲಿಗೆಂದು ಬಂದ 2002ರ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸದಿರುವುದು ಇದಕ್ಕೆ ಒಂದು ಕಾರಣ.

ಇದರ ನೋವು ಬಲ್ಲವರು ಮುಳುಗಡೆಯ ಕುಟುಂಬಗಳು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿನಡಿ ಸೇರಿದವು. ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯಿದೆ. ಅದರಂತೆ ಮಾರುಕಟ್ಟೆ ಬೆಲೆ, ಅದರ ಮೇಲೆ ಒತ್ತಾಯದ ಸ್ವಾಧೀನಕ್ಕೆಂದು ಶೇಕಡಾ ಹದಿನೈದು. ಮಾರಲು ಮನಸ್ಸಿಲ್ಲದವರಿಂದ ಕೊಂಡದ್ದು ನಿಜವಾದ ಮಾರುಕಟ್ಟೆ ಬೆಲೆ ಅಲ್ಲ ಎಂದು ಕಾನೂನೇ ಒಪ್ಪಿಕೊಂಡ ಗುರುತು ಅದು. ಈ ಪ್ರಮಾಣವನ್ನು 1984ರಲ್ಲಿ ಶೇಕಡಾ ಮೂವತ್ತಕ್ಕೆ, 2013ರ ಹೊಸ ಕಾಯಿದೆಯಲ್ಲಿ ಶೇಕಡಾ ನೂರಕ್ಕೆ ಏರಿಸಲಾಯಿತು. ಕಟ್ಟಡಕ್ಕೆ, ಮರಗಳಿಗೆ ಪರಿಣತರಿಂದ ಬೇರೆಯಾಗಿಯೇ ಬೆಲೆ ಕಟ್ಟಿಸಲು ಹೊಸ ಕಾಯಿದೆಯಲ್ಲಿ ಅವಕಾಶವುಂಟು. ಆದರೆ ಇದಾವುದೂ 1964ರವರಿಗೆ ಒದಗಲಿಲ್ಲ. ಅವರಲ್ಲಿ ಹಲವರನ್ನು ನೆಲೆ ನಿಲ್ಲಿಸಿದ ಜಾಗ ಅರಣ್ಯದ ಲೆಕ್ಕದಲ್ಲೇ ಉಳಿದು, ದಶಕಗಳ ಮೇಲೂ ಹಕ್ಕುಪತ್ರದ ತೊಡಕು ಬಿಡಲಿಲ್ಲ. ಹಕ್ಕುಪತ್ರವಿಲ್ಲದ ಮನೆಯಲ್ಲಿ ವಾಸ ಮಾಡಬಹುದು, ಆದರೆ ಮಗುವಿನ ಓದಿಗೆ ಅದನ್ನು ಆಧಾರ ಕೊಡಲಾಗದು.

ಕಡಿಮೆ ಬರೆಸಿದ ಲಾಭ

ಮಾರ್ಗಸೂಚಿ ದರದ ವಿಷಯದಲ್ಲೂ ಒಂದು ಎಚ್ಚರಿಕೆ ಅಗತ್ಯ. ಮುದ್ರಾಂಕ ಶುಲ್ಕ ಲೆಕ್ಕ ಹಾಕಲು ಸರ್ಕಾರ ಪ್ರದೇಶವಾರು ಗೊತ್ತುಮಾಡುವ ದರ ಇದು. ರಾಜ್ಯದಲ್ಲಿ 2023ರ ಅಕ್ಟೋಬರಿನಲ್ಲಿ ಇದರ ವ್ಯಾಪಕ ಪರಿಷ್ಕರಣೆ ನಡೆಯಿತು. ಎರಡು ಪರಿಷ್ಕರಣೆಗಳ ನಡುವೆ ಪೇಟೆಯ ಬೆಲೆ ಮುಂದೆ ಓಡಿರುತ್ತದೆ, ಕೆಲವೆಡೆ ಹಿಂದೆ ಬಿದ್ದಿರುವುದೂ ಉಂಟು. ಕೊಟ್ಟ ಹಣ ಒಂದು, ಪತ್ರದಲ್ಲಿ ಬರೆಸುವುದು ಇನ್ನೊಂದು ಎಂಬ ಪರಿಪಾಠ ಬೆಳೆಯಲು ಈ ಅಂತರವೇ ಕಾರಣ. ಅದು ಕಾನೂನಿಗೆ ವಿರುದ್ಧ. ಜೊತೆಗೆ ನಷ್ಟವೂ ಹೌದು. ಬೀದಿಯ ಪತ್ರಗಳಲ್ಲೆಲ್ಲ ಕಡಿಮೆ ಮೊತ್ತವೇ ಇದ್ದರೆ ಮೌಲ್ಯಮಾಪಕರಿಗೆ ಹೋಲಿಕೆಗೆ ಸಿಗುವುದೂ ಅವೇ ಅಂಕಿಗಳು. ಅಂದು ಶುಲ್ಕ ಉಳಿಸಿದವರ ಮಕ್ಕಳಿಗೆ ಮುಂದೊಂದು ದಿನ ಸಾಲ ಕಡಿಮೆ ಸಿಗುತ್ತದೆ.

ಮೌಲ್ಯಮಾಪಕರ ವರದಿಯಲ್ಲಿ ಮಾರುಕಟ್ಟೆ ಬೆಲೆಯ ಕೆಳಗೆ ಸಾಮಾನ್ಯವಾಗಿ ಇನ್ನೊಂದು ಮೊತ್ತವೂ ಇರುತ್ತದೆ. ಅವಸರದಲ್ಲಿ ಮಾರಿದರೆ ಸಿಗಬಹುದಾದ ಬೆಲೆ ಅದು. ಅದು ಯಾವಾಗಲೂ ಕಡಿಮೆ. ತಂದೆ ತಾಯಿ ಮತ್ತು ಮಕ್ಕಳು ಒಟ್ಟಿಗೆ ಕುಳಿತು ನೋಡಬೇಕಾದ ಅಂಕಿ ಇದೇ. ಮನೆ 34 ಲಕ್ಷ ಬಾಳುತ್ತದೆ ಎಂಬುದು ಹೆಚ್ಚು ಸಾಲ ಮಾಡಲು ಪರವಾನಗಿಯಲ್ಲ. ಓದು ಮುಗಿದ ಮೇಲೆ ಮೊದಲ ಸಂಬಳದಿಂದ ಕಂತು ಕಟ್ಟಲಾದೀತೇ ಎಂಬ ಲೆಕ್ಕ ಮೊದಲು ಆಗಬೇಕು. ಕಂತು ತಪ್ಪಿದ ಮನೆ ಹೋಗುವುದು ಅವಸರದ ಬೆಲೆಗೇ.

ಹಿಸ್ಸೆಗೂ ಇದೇ ಮಾತು. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಊರಿನಲ್ಲಿ ಉಳಿದು ಅಪ್ಪ ಅಮ್ಮನನ್ನು ನೋಡಿಕೊಂಡವರಿಗೆ ಮನೆಯ ಬೆಲೆ ಕಡಿಮೆ ಎನಿಸುತ್ತದೆ, ಬೆಂಗಳೂರಿನಲ್ಲಿರುವವರಿಗೆ ಹೆಚ್ಚು ಎನಿಸುತ್ತದೆ. ಜಗಳಕ್ಕೆ ಮೊದಲು, ಎಲ್ಲರೂ ಒಪ್ಪಿದ ನೋಂದಾಯಿತ ಮೌಲ್ಯಮಾಪಕರಿಬ್ಬರಿಂದ ಬೇರೆ ಬೇರೆ ವರದಿ ತರಿಸಿ ಸರಾಸರಿ ಹಿಡಿದರೆ ಅರ್ಧ ಮನಸ್ತಾಪ ತಪ್ಪುತ್ತದೆ.

ಹುಟ್ಟಿದ ಕೋಣೆಗೆ, ತುಳಸಿಕಟ್ಟೆಗೆ, ಜಗಲಿಗೆ ಬೆಲೆ ಕಟ್ಟಲು ಯಾವ ಲೆಕ್ಕವೂ ಇಲ್ಲ. ಅದನ್ನು ಮನೆಯವರೇ ಇಟ್ಟುಕೊಳ್ಳಬೇಕು. ಉಳಿದದ್ದನ್ನು ಅಳೆಯಬಹುದು. ಈ ರಜೆಯಲ್ಲಿ ವಿದ್ಯಾರ್ಥಿಗಳು ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ತಮ್ಮ ಮನೆಯನ್ನೇ ಅಳೆಯಲಿ. ಬೀರುವಿನಲ್ಲಿರುವ ಪತ್ರಗಳನ್ನು ಅಪ್ಪ ಅಮ್ಮನ ಜೊತೆ ಕುಳಿತು ಓದಲಿ. ಪತ್ರದಲ್ಲಿರುವ ಅಳತೆ ನೆಲದ ಮೇಲೆಯೂ ಇದೆಯೇ ಎಂದು ನೋಡಲಿ. ಸಾಲದ ಅರ್ಜಿ ಬರೆಯುವ ದಿನ ಗೊತ್ತಾಗುವ ತೊಡಕು ಈಗಲೇ ಗೊತ್ತಾದರೆ ಸರಿಪಡಿಸಲು ಸಮಯವಿರುತ್ತದೆ.