ಸೀಟು ಕೊಟ್ಟರೆ ಸಾಕೇ? ಅಂಗವಿಕಲ ಮಕ್ಕಳ ಶಿಕ್ಷಣ ಮತ್ತು ಕಾನೂನು



ಹೋದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಉಪ್ಪಲ್‌ನ ನಮ್ಮ ಮನೆಗೆ ಬಂದರು. ಕಲಬುರಗಿ ಕಡೆಯವರು, ಗಂಡನಿಗೆ ಇಲ್ಲಿ ಗಾರೆ ಕೆಲಸ. ಹುಡುಗಿಗೆ ಒಂಬತ್ತು ವರ್ಷ, ಎರಡೂ ಕಿವಿ ಮಂದ. "ಸೀಟು ಕೊಟ್ಟಾರ ಆಪಾ, ಇಲ್ಲ ಅಂದಿಲ್ಲ. ಆದ್ರ ಹಿಂದಿನ ಬೆಂಚಿನಾಗ ಕೂಡಿಸ್ಯಾರ. ಆಕಿಗಿ ಏನೂ ಕೇಳಂಗಿಲ್ಲ. ಹೋಗಿ ಕೇಳಿದ್ರ, ತಗೊಂಡಿದ್ದೇ ದೊಡ್ಡದು ಅಂತಾರ" ಎಂದರು.

"ತಗೊಂಡಿದ್ದೇ ದೊಡ್ಡದು." ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ನಾನೂ ಟೀಚರ್, ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ಕೆಟ್ಟವರೇನಲ್ಲ. ಉಪಕಾರ ಮಾಡಿದ್ದೇವೆ ಎಂದೇ ನಂಬಿರುತ್ತಾರೆ. ಆದರೆ ಕಾನೂನು ಇದನ್ನು ಉಪಕಾರ ಎಂದು ಎಣಿಸುವುದಿಲ್ಲ. ಹೇಗೆ ಅಂತ ನೋಡೋಣ.

ಯಾವ ಕಾನೂನು?

ಮುಖ್ಯವಾದದ್ದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಇದು ಕೇಂದ್ರದ ಕಾನೂನು, ಹಾಗಾಗಿ ಕಲಬುರಗಿಗೂ ಉಪ್ಪಲ್‌ಗೂ ಒಂದೇ. ಇದಕ್ಕೂ ಮುಂಚಿನ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಈಗ 21 ಇವೆ. ಕಣ್ಣು, ಕಿವಿ, ಕೈಕಾಲಿನ ತೊಂದರೆಗಳಷ್ಟೇ ಅಲ್ಲದೆ ಆಟಿಸಂ, ಥಲಸ್ಸೇಮಿಯಾ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳೂ ಇದರಲ್ಲಿ ಸೇರಿವೆ. "ದಡ್ಡ" ಎಂದು ನಾವು ಬೈದು ಕೂರಿಸಿದ ಎಷ್ಟು ಮಕ್ಕಳು ಈ ಕೊನೆಯ ಗುಂಪಿನವರೋ!

ಜೊತೆಗೆ 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಇದೆ. ಅದು 6ರಿಂದ 14 ವರ್ಷದವರೆಗೆ. 2016ರ ಕಾಯ್ದೆಯ 31ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಮನೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನ ಕಡೆಯವರದು. "ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆ, ಅಲ್ಲಿಗೆ ಹೋಗಿ" ಎಂದು ಹೆಡ್‌ಮಾಸ್ಟರ್ ತೀರ್ಮಾನಿಸುವಂತಿಲ್ಲ. ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಅಷ್ಟೇ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಬೇಕೆಂದರೆ ಆರಿಸಿಕೊಳ್ಳಬಹುದು. ಶಾಲೆ ಅದನ್ನು ಮಗುವಿನ ಮೇಲೆ ಹೇರುವಂತಿಲ್ಲ.

ತಾರತಮ್ಯ ಅಂದರೆ ಏನು?

ಗೇಟಿನಲ್ಲಿ ತಡೆದರೆ ತಾರತಮ್ಯ ಅನ್ನೋದು ಎಲ್ಲರಿಗೂ ಗೊತ್ತು. 2016ರ ಕಾಯ್ದೆ ಒಂದು ಹೆಜ್ಜೆ ಮುಂದಿದೆ. ಮಗುವಿಗೆ ಬೇಕಾದ "ಸೂಕ್ತ ಹೊಂದಾಣಿಕೆ" ಮಾಡಿಕೊಡದೆ ಇರುವುದೂ ತಾರತಮ್ಯವೇ ಎಂದು ಅದರ ವ್ಯಾಖ್ಯೆಯಲ್ಲೇ ಬರೆದಿದೆ. ಸೂಕ್ತ ಹೊಂದಾಣಿಕೆ ಅಂದರೆ, ಸಂಸ್ಥೆಗೆ ತಡೆಯಲಾರದ ಹೊರೆಯಾಗದಂತೆ ಮಾಡಬಹುದಾದ ಅಗತ್ಯ ಬದಲಾವಣೆ. ಕಿವಿ ಮಂದವಿರುವ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆತರಲು ಯಾವ ಬಜೆಟ್ ಬೇಕು ಹೇಳಿ? ಗಾಲಿಕುರ್ಚಿಯ ಹುಡುಗನ ತರಗತಿಯನ್ನು ಮಹಡಿಯಿಂದ ಕೆಳಗೆ ತರಲು ಖರ್ಚೇನು? ಸೀಟು ಕೊಟ್ಟು ಹಿಂದೆ ಕೂರಿಸಿದರೆ ಕಾನೂನಿನ ಅರ್ಧ ಮಾತ್ರ ಪಾಲಿಸಿದಂತಾಯಿತು.

ಶಾಲೆಯಿಂದ ಏನೇನು ಕೇಳಬಹುದು?

16ನೇ ಸೆಕ್ಷನ್ ಸರ್ಕಾರಿ ಶಾಲೆಗೂ, ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗೂ ಅನ್ವಯಿಸುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಕಟ್ಟಡ, ಶೌಚಾಲಯ ಮಗು ಬಳಸುವಂತಿರಬೇಕು. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಅವರಿಗೆ ತಕ್ಕ ಭಾಷೆ ಮತ್ತು ವಿಧಾನದಲ್ಲಿ ಕಲಿಸಬೇಕು. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಬೇಕು. ಹೋಗಿಬರಲು ವಾಹನದ ವ್ಯವಸ್ಥೆ ಮಾಡಬೇಕು.

ಇದಕ್ಕೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹಣವೂ ಇದೆ: ವಿಶೇಷ ಅಗತ್ಯದ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200ರಂತೆ 10 ತಿಂಗಳು ಸ್ಟೈಪೆಂಡ್. ತೆಲಂಗಾಣದಲ್ಲಿ ಮಂಡಲ ಮಟ್ಟದಲ್ಲಿ "ಭವಿತ" ಕೇಂದ್ರಗಳಿವೆ, ಅಲ್ಲಿ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಕರ್ನಾಟಕದಲ್ಲಿ ಬಿಆರ್‌ಸಿಯ ಸಂಪನ್ಮೂಲ ಶಿಕ್ಷಕರನ್ನೂ, ಹಳ್ಳಿಯಲ್ಲಾದರೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನೂ ಕಾಣಿ.

"ಮೊದಲು ಸರ್ಟಿಫಿಕೇಟ್ ತನ್ನಿ" ಎಂದರೆ? ಸ್ಕಾಲರ್‌ಶಿಪ್‌ಗೆ, ಕಾಲೇಜಿನ ಶೇ. 5 ಮೀಸಲಾತಿಗೆ ಶೇ. 40ರ ಪ್ರಮಾಣಪತ್ರ ಬೇಕು, ನಿಜ. ತೆಲಂಗಾಣದಲ್ಲಿ ಜನ ಅದನ್ನು "ಸದರಂ ಸರ್ಟಿಫಿಕೇಟ್" ಅಂತಾರೆ. ಈಗ ದೇಶಕ್ಕೆಲ್ಲ ಯುಡಿಐಡಿ ಕಾರ್ಡ್ ಇದೆ. ತಪ್ಪದೆ ಮಾಡಿಸಿ. ಆದರೆ 16ನೇ ಸೆಕ್ಷನ್ನಿನಲ್ಲಿ ಶೇಕಡಾವಾರು ಲೆಕ್ಕವೇ ಇಲ್ಲ.

ಭಾಷೆಯ ಹೊರೆ

ನಮ್ಮಂಥ ಮನೆಗಳಿಗೆ ಇದು ತುಂಬ ಮುಖ್ಯ. ಆ ಹುಡುಗಿಯನ್ನೇ ನೋಡಿ. ಮನೆಯಲ್ಲಿ ಉರ್ದು, ಊರಲ್ಲಿ ಕಲಿತದ್ದು ಕನ್ನಡ. ಇಲ್ಲಿ 2018ರ ಕಾನೂನಿನ ಪ್ರಕಾರ ತೆಲುಗು ಕಡ್ಡಾಯ, ಮೇಲೆ ಇಂಗ್ಲಿಷ್, ನಾಳೆ ಹಿಂದಿ. ಚೆನ್ನಾಗಿ ಕಿವಿ ಕೇಳುವ ಮಕ್ಕಳೇ ಸುಸ್ತಾಗುತ್ತಾರೆ. ತುಟಿ ನೋಡಿ ಮಾತು ಹಿಡಿಯುವ ಮಗುವಿನ ಗತಿ?

2016ರ ಕಾಯ್ದೆಯ 17ನೇ ಸೆಕ್ಷನ್ ಇದನ್ನು ಹೆಸರಿಸಿಯೇ ಹೇಳುತ್ತದೆ. ಪಠ್ಯಕ್ರಮದಲ್ಲಿ ಸರ್ಕಾರ ಮಾಡಬೇಕಾದ ಬದಲಾವಣೆಗಳ ಪೈಕಿ ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯೂ ಒಂದು. ಇದು ತಾನಾಗಿ ಸಿಗುವುದಿಲ್ಲ. ಆಯಾ ರಾಜ್ಯದ ಇಲಾಖೆ, ಪರೀಕ್ಷಾ ಮಂಡಳಿಯ ನಿಯಮದಂತೆ ಅರ್ಜಿ ಹಾಕಬೇಕು. ಹತ್ತನೇ ತರಗತಿಯ ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ತಡವಾಗಿರುತ್ತದೆ.

ಪರೀಕ್ಷೆಯಲ್ಲಿ

ಸ್ಕ್ರೈಬ್, ಹೆಚ್ಚುವರಿ ಸಮಯ ಎರಡಕ್ಕೂ ಅವಕಾಶವಿದೆ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಶೇ. 40 ಇಲ್ಲದಿದ್ದರೆ? ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇತ್ತು. ಶೇ. 40ರ ಮಿತಿಯಲ್ಲಿ ನೀವು ಬರುವುದಿಲ್ಲ ಎಂದು ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತು. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಇದು ತಪ್ಪು, ಸ್ಕ್ರೈಬ್ ಸೌಲಭ್ಯಕ್ಕೆ ಶೇ. 40ರ ಗೆರೆ ಎಳೆಯುವಂತಿಲ್ಲ ಎಂದಿತು. ಅದಾದ ಮೇಲೆ 2022ರ ಆಗಸ್ಟ್‌ನಲ್ಲಿ ಇಂಥವರಿಗಾಗಿ ಪ್ರತ್ಯೇಕ ಮಾರ್ಗಸೂಚಿಯೂ ಬಂತು.

ಒಬ್ಬ ಉಸ್ತಾದರ ಕೇಸು

ಹಕ್ಕು ಕಲಿಯುವವರಿಗೆ ಮಾತ್ರವಲ್ಲ, ಕಲಿಸುವವರಿಗೂ ಇದೆ. ಜಮ್ಮು–ಕಾಶ್ಮೀರದ ಸೈಯದ್ ಬಶೀರುದ್ದೀನ್ ಖಾದ್ರಿ ಅವರಿಗೆ ಸೆರೆಬ್ರಲ್ ಪಾಲ್ಸಿ. ಸರ್ಕಾರದ "ರೆಹಬರ್-ಎ-ತಾಲೀಮ್" ಯೋಜನೆಯಲ್ಲಿ ಅವರು ಶಿಕ್ಷಕರಾದರು. ಕಪ್ಪುಹಲಗೆ ಮೇಲೆ ಸರಿಯಾಗಿ ಬರೆಯಲಾರರು ಎಂಬ ಆಕ್ಷೇಪ ಎದ್ದು ಕೆಲಸ ಹೋಯಿತು. 2010ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅವರ ಮಕ್ಕಳ ಫಲಿತಾಂಶ ತುಂಬ ಚೆನ್ನಾಗಿತ್ತು, ಹಲಗೆಯ ಬದಲು ಬೇರೆ ಸಾಧನ ಕೊಟ್ಟರೆ ಆಗುತ್ತಿತ್ತು. ಬೋರ್ಡ್ ಮುಂದೆ ನಿಂತಾಗಲೆಲ್ಲ ನನಗೆ ಈ ಕೇಸು ನೆನಪಾಗುತ್ತದೆ.

ಕೇಳುವುದು ಹೇಗೆ?

ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಬರೆದು ಕೊಡಿ.

1. ಹೆಡ್‌ಮಾಸ್ಟರ್‌ಗೆ ಅರ್ಜಿ. ಮಗುವಿಗೆ ಏನು ಬೇಕು ಎಂದು ನಿಖರವಾಗಿ ಬರೆಯಿರಿ. ಒಂದು ಪ್ರತಿಗೆ ಸಹಿ, ದಿನಾಂಕ ಹಾಕಿಸಿಕೊಳ್ಳಿ.

2. ಆಗಲಿಲ್ಲವೇ? ತೆಲಂಗಾಣದಲ್ಲಿ ಎಂಇಒ, ಕರ್ನಾಟಕದಲ್ಲಿ ಬಿಇಒ.

3. 23ನೇ ಸೆಕ್ಷನ್ ಪ್ರಕಾರ ಸರ್ಕಾರಿ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಆಗಬೇಕು. ಉದ್ಯೋಗದ ದೂರುಗಳಿಗೆ ಈ ದಾರಿ ಮುಖ್ಯ.

4. ಅದರ ಮೇಲೆ ರಾಜ್ಯ ಅಂಗವಿಕಲರ ಆಯುಕ್ತರು. ದೂರು ಕೊಡಲು ವಕೀಲರೇ ಬೇಕೆಂದಿಲ್ಲ.

5. ಕೋರ್ಟಿಗೇ ಹೋಗಬೇಕಾದರೆ ಮಕ್ಕಳಿಗೆ, ಹೆಂಗಸರಿಗೆ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಕೊನೆಗೆ

ಆ ತಾಯಿಗೆ ನಾನು ಬರೆದುಕೊಟ್ಟದ್ದು ಅರ್ಧ ಪುಟದ ಅರ್ಜಿ. ಮುಂದಿನ ಬೆಂಚು, ಪಾಠ ಮಾಡುವಾಗ ಮಗುವಿನ ಕಡೆ ಮುಖ, ಭವಿತ ಕೇಂದ್ರಕ್ಕೆ ಹೆಸರು. ಮೂರೇ ಬೇಡಿಕೆ. ಸಹಿ ಹಾಕುವಾಗ ಅವರ ಕೈ ನಡುಗಿತು. "ಸಿಟ್ಟಾಗಿ ಹುಡುಗೀನ ಹೊರಗ ಹಾಕಿದ್ರ?" ಎಂದರು. ಹಾಕಲಿಲ್ಲ. ಮರುದಿನವೇ ಮುಂದಿನ ಬೆಂಚು ಸಿಕ್ಕಿತು. ಉಳಿದೆರಡಕ್ಕೆ ಇನ್ನೂ ಎರಡು ಸಲ ಹೋಗಿಬರಬೇಕಾಯಿತು. ಭಾಷೆಯ ವಿನಾಯಿತಿಯ ಅರ್ಜಿ ಇನ್ನೂ ಓಡಾಡುತ್ತಲೇ ಇದೆ.

ಆ ನಡುಕವೇ ನನ್ನಿಂದ ಇದನ್ನು ಬರೆಸಿದ್ದು. ಉರ್ದುವಿನಲ್ಲಿ ನಾವು "ಹಕ್" ಅಂತೀವಿ, ಕನ್ನಡದಲ್ಲಿ "ಹಕ್ಕು". ಪದ ಒಂದೇ. ಎರಡೂ ಭಾಷೆ ಬಲ್ಲ ನಾವು ನಮ್ಮ ಮಕ್ಕಳಿಗಾಗಿ ಅದನ್ನು ಬಳಸಲು ಯಾಕೆ ಅಂಜಬೇಕು? ನಿಮ್ಮ ಓಣಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತ, ಇಲ್ಲವೇ ಶಾಲೆಗೇ ಹೋಗದೆ ಮನೆಯಲ್ಲೇ ಉಳಿದ ಒಂದು ಮಗು ಇದ್ದೇ ಇರುತ್ತದೆ. ನಿಮಗೆ ಓದು ಬರಹ ಬರುತ್ತದಲ್ಲ, ಆ ಮನೆಗೆ ಹೋಗಿ ಅರ್ಧ ಪುಟ ಬರೆದುಕೊಡಿ.