ಮಾತು ಕೇಳದ ಹುಡುಗ



ಕೊಳೆರೋಗ, ಕಾಯಿಕೊರಕ, ಗೊಬ್ಬರದ ದಾಸ್ತಾನು, ಸಾಲದ ಕಂತು ಇವುಗಳಿಗೆ ಈ ಪುಟವನ್ನು ಮೀಸಲಿಡುವುದು ನಮ್ಮ ರೂಢಿ. ಈ ಸಲ ಅದನ್ನು ಮುರಿಯುತ್ತಿದ್ದೇನೆ. ಕಳೆದ ಮಹಾಸಭೆಯ ದಿನ ಇಬ್ಬರು ಸದಸ್ಯರು ಬೇರೆ ಬೇರೆಯಾಗಿ ನನ್ನನ್ನು ಮರೆಗೆ ಕರೆದು ಒಂದೇ ಮಾತನ್ನು ಹೇಳಿದರು. ಮಗ ಹೇಳಿದ ಮಾತು ಕೇಳುವುದಿಲ್ಲ, ಬೈದರೆ ತಿರುಗಿ ಬೀಳುತ್ತಾನೆ, ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದೇ ತಿಳಿಯದು. ಸಾಲ ಕೇಳುವಾಗ ಕೂಡ ಅವರು ಅಷ್ಟು ದನಿ ತಗ್ಗಿಸಿದವರಲ್ಲ. ಅವರಿಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ನಾನು ಮೂಲತಃ ಸಂಪಗಾಂವದ ಕಡೆಯವನೆಂಬುದು ನನ್ನ ಮಾತಿನ ಧಾಟಿಯಿಂದಲೇ ನಿಮಗೆ ಗೊತ್ತಿದೆ. ಹಳೆಯ ದಫ್ತರಗಳಲ್ಲಿ ತಾಲೂಕಿನ ಹೆಸರು ಸಂಪಗಾಂವ, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಎರೆಭೂಮಿ, ಜೋಳ, ಹತ್ತಿ, ಈಚೆಗೆ ಕಬ್ಬು ಮತ್ತು ಸೋಯಾ. ಧಾರವಾಡದಲ್ಲಿ ಪದವಿ ಮುಗಿಸಿ, ಮಾವನವರ ತೋಟ ನೋಡಿಕೊಳ್ಳಲೆಂದು ಈ ಕಡೆ ಬಂದೆ. ನನ್ನ ಅಕ್ಕ ಈಗಲೂ ಅಲ್ಲಿಯೇ ಇದ್ದಾಳೆ.

ಅಕ್ಕನ ಮಗ, ಸೊಸೆ ಇಬ್ಬರೂ ಪುಣೆಯ ಕಡೆ ದುಡಿಯಲು ಹೋದವರು. ಎಂಟು ವರ್ಷದ ಮೊಮ್ಮಗ ಅಜ್ಜಿಯ ಹತ್ತಿರ. ಹೋದ ವರ್ಷ ಬಿತ್ತನೆಯ ಹೊತ್ತಿಗೆ ಫೋನು ಬಂತು. "ಏನ್ ಮಾಡ್ಲೋ ತಮ್ಮಾ, ನನ್ನ ಕೈಲೆ ಆಗವಲ್ದು. ಕೂಗಿದ್ರ ಹೊಳ್ಳಿ ಸುದ್ದಾ ನೋಡೂದಿಲ್ಲ. ತಾಟು ಒಗೀತಾನ, ಸಾಲ್ಯಾಗ ಹುಡುಗ್ರನ್ನ ಹೊಡೀತಾನ" ಎಂದು ಅತ್ತಳು. ನಾನು ಹೋಗುವಷ್ಟರಲ್ಲಿ ಇನ್ನೊಂದು ಘಟನೆ ನಡೆದಿತ್ತು. ಅಕ್ಕನ ಮೈದುನ ಸಿಟ್ಟಿನಲ್ಲಿ ಹುಡುಗನನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದ. ಬಿಟ್ಟ ಮೇಲೆ ಹುಡುಗ ಕಾಣೆಯಾದ. ರಾತ್ರಿ ಒಂಬತ್ತರ ಸುಮಾರಿಗೆ ಬ್ಯಾಟರಿ ಹಿಡಿದು ಹುಡುಕಿದವರಿಗೆ ಹೊಲದ ಬಾವಿಯ ದಂಡೆಯ ಮೇಲೆ ಮಲಗಿದ್ದು ಸಿಕ್ಕಿತು. ಆ ಬಾವಿಗೆ ಕಟ್ಟೆಯಿಲ್ಲ. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಮನೆಯಲ್ಲಿ ಎರಡು ಪಕ್ಷ. ಒಂದು, ಇನ್ನೂ ನಾಲ್ಕು ಬಿಗಿಯಬೇಕು ಎನ್ನುವುದು. ಇನ್ನೊಂದು, ಗಾಳಿ ಸೋಕಿದೆ, ತಾಯತ ಕಟ್ಟಿಸಬೇಕು ಎನ್ನುವುದು. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವುದಕ್ಕೆ ನನ್ನ ಅಡ್ಡಿಯಿಲ್ಲ, ನಾನೂ ಹೋಗುವವನೇ. ಆದರೆ ಶಾಲೆಯ ಅಕ್ಕೋರು ಹೇಳಿದ ಒಂದು ಮಾತು ನನ್ನನ್ನು ತಡೆಯಿತು. ಶಾಲೆಗೆ ಆರೋಗ್ಯ ತಪಾಸಣೆಯ ತಂಡ ಬಂದಾಗ ಹುಡುಗನ ಕಿವಿ ತೋರಿಸಬೇಕೆಂದು ಚೀಟಿ ಬರೆದುಕೊಟ್ಟಿದ್ದರಂತೆ. ಮನೆಯಲ್ಲಿ ಹುಡುಕಿದೆವು. ಟ್ರಂಕಿನಲ್ಲಿ, ರೇಶನ್ ಕಾರ್ಡಿನ ಕೆಳಗೆ ಮಡಚಿಟ್ಟ ಹಾಗೆಯೇ ಇತ್ತು.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಚೀಟಿ ಅದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ತಂಡ ಬಂದು ಮಕ್ಕಳನ್ನು ನೋಡಬೇಕೆಂದು ನಿಯಮ. ಹಲ್ಲು, ಕಣ್ಣು, ರಕ್ತಹೀನತೆ ಅಷ್ಟೇ ಅಲ್ಲ, ಮಾತು ತಡವಾಗುವುದು, ಕಲಿಕೆಯ ತೊಂದರೆ, ಒಂದು ಕಡೆ ಕೂಡಲಾರದ ಚಡಪಡಿಕೆ ಇವೂ ಆ ಪಟ್ಟಿಯಲ್ಲಿವೆ. ನಿಮ್ಮ ಮನೆಯ ಟ್ರಂಕನ್ನೂ ಒಮ್ಮೆ ನೋಡಿ.

ತಾಲೂಕಾ ಆಸ್ಪತ್ರೆಯಲ್ಲಿ ಕಿವಿ ನೋಡಿದರು. ಎರಡೂ ಕಿವಿ ಬಹಳ ದಿನದಿಂದ ಸೋರುತ್ತಿದ್ದವು, ಎಡಗಿವಿಯಲ್ಲಿ ಕೇಳಿಸುವುದು ಬಹಳ ಕಡಿಮೆ. ಕೂಗಿದರೆ ಹೊರಳಿ ನೋಡದಿದ್ದುದು ಹಟವಲ್ಲ! ಆದರೆ ತಾಟು ಒಗೆಯುವುದು, ಹೊಡೆಯುವುದು ಕಿವಿಯೊಂದರಿಂದಲೇ ಆದದ್ದಲ್ಲವೆಂದು ವೈದ್ಯರೇ ಹೇಳಿ, ಮಂಗಳವಾರ ಮತ್ತೆ ಬರಲು ತಿಳಿಸಿದರು. 2014ರಲ್ಲಿ ರಾಜ್ಯದಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದ ಪ್ರಕಾರ ಗೊತ್ತುಮಾಡಿದ ಮಂಗಳವಾರಗಳಂದು ತಾಲೂಕಾ ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದು. ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಹಳ್ಳಿಯ ವೈದ್ಯರ ಮೂಲಕವೇ ಮನಸ್ಸಿನ ಚಿಕಿತ್ಸೆ ಜನರಿಗೆ ಮುಟ್ಟಬಹುದೆಂದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್‌ನವರು ಮಾಡಿ ತೋರಿಸಿದರು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಮಾದರಿಯ ಮೇಲೆಯೇ ನಿಂತದ್ದು.

ಅಲ್ಲಿಂದ ಧಾರವಾಡಕ್ಕೆ ಬರೆದುಕೊಟ್ಟರು. ಧಾರವಾಡದ ಆ ಆಸ್ಪತ್ರೆಯ ಹೆಸರು ಹೇಳಿದರೆ ನಮ್ಮ ಕಡೆ ಈಗಲೂ ಜನ ಮುಖ ತಿರುಗಿಸುತ್ತಾರೆ. 1845ರಲ್ಲಿ ಹುಚ್ಚರ ಆಸ್ಪತ್ರೆಯಾಗಿ ಹುಟ್ಟಿದ್ದು, ಈಗ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಚಿಕ್ಕದಾಗಿ ಡಿಮ್ಹಾನ್ಸ್. "ಕೂಸಿಗೆ ಹುಚ್ಚ ಅಂತಾರೇನೋ" ಎಂದು ಅಕ್ಕ ಬಸ್ಸಿನಲ್ಲಿ ಮೂರು ಸಲ ಕೇಳಿದಳು. ನಾನು ಕಾಲೇಜಿನಲ್ಲಿದ್ದಾಗ ಆ ಗೇಟಿನ ಮುಂದೆ ಹಾಯುವಾಗ ಗೆಳೆಯರೊಂದಿಗೆ ನಗೆಚಾಟಿಕೆ ಮಾಡಿದ್ದು ನೆನಪಾಗಿ ಸುಮ್ಮನಿದ್ದೆ.

ಅಲ್ಲಿ ಯಾರೂ ಹುಚ್ಚು ಎನ್ನಲಿಲ್ಲ. ಕಾಯುವುದು ಬಹಳ, ಅದು ನಿಜ. ಆದರೆ ಕೂತು ಕೇಳಿದರು. ಹೆರಿಗೆ ಹೇಗಾಯಿತು, ಮೊದಲ ಮಾತು ಯಾವಾಗ, ಯಾರ ಸಂಗಡ ಉಣ್ಣುತ್ತಾನೆ, ಯಾರ ಮಗ್ಗುಲಲ್ಲಿ ಮಲಗುತ್ತಾನೆ. ಆಮೇಲೆ, ಹುಡುಗ ಚೆನ್ನಾಗಿ ಮಾಡುವ ಕೆಲಸ ಯಾವುದು ಎಂದು ಕೇಳಿದಾಗ ಅಕ್ಕನಿಗೆ ಬಾಯಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ, "ಎತ್ತಿನ ಮೈ ಚೊಲೊ ತಿಕ್ಕಿ ತೊಳೀತಾನ್ರಿ" ಎಂದಳು. ಹುಡುಗ ತಲೆ ಎತ್ತಿ ಅಜ್ಜಿಯನ್ನು ನೋಡಿದ. ಅವನ ಬಗ್ಗೆ ಒಳ್ಳೆಯ ಮಾತು ಆ ಮನೆಯಲ್ಲಿ ಆಡಿ ಎಷ್ಟು ದಿನವಾಗಿತ್ತೋ.

ಗುಳಿಗೆ ಕೊಡಲಿಲ್ಲ. ಕೊಟ್ಟದ್ದು ಮನೆಗೆಲಸ, ಅದೂ ದೊಡ್ಡವರಿಗೆ. ದಿನಾ ಹದಿನೈದು ನಿಮಿಷ ಅವನಿಗೆ ಬೇಕಾದ ಆಟ, ಆಗ ಬುದ್ಧಿಮಾತು ಹೇಳಕೂಡದು. ಎದುರಿಗೆ ಬಂದು, ಮುಖ ಕಾಣುವ ಹಾಗೆ, ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು. ಮಾಡಿದ ಕೂಡಲೇ ಹೆಸರು ಹಿಡಿದು ಮೆಚ್ಚಬೇಕು. ಚೀರಾಡಿದ್ದಕ್ಕೆ ಮೊಬೈಲು ಕೊಡಬಾರದು, ಹೊಡೆಯಲೂಬಾರದು. ತಂದೆ ತಾಯಿ ದಿನಾ ಒಂದೇ ಹೊತ್ತಿಗೆ ಫೋನು ಮಾಡಬೇಕು.

ಇದಕ್ಕೆ ಆಧಾರವಿದೆ. ಅಮೆರಿಕದ ಓರೆಗಾನಿನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಮಕ್ಕಳ ಮನೆಗಳಲ್ಲೇ ನಡೆಯುವುದನ್ನು ವರ್ಷಗಟ್ಟಲೆ ಗಮನಿಸಿ ಬರೆದಿಟ್ಟರು. ಮಗು ಚೀರುತ್ತದೆ, ದೊಡ್ಡವರು ಬೇಸತ್ತು ಕೇಳಿದ್ದನ್ನು ಕೊಡುತ್ತಾರೆ, ಚೀರಿದರೆ ಸಿಗುತ್ತದೆಂದು ಮಗು ಕಲಿಯುತ್ತದೆ. ಇನ್ನೊಂದು ದಿನ ದೊಡ್ಡವರು ಹೊಡೆಯುತ್ತಾರೆ, ಮಗು ಕ್ಷಣ ಸುಮ್ಮನಾಗುತ್ತದೆ, ಹೊಡೆತದಿಂದ ಕೆಲಸವಾಯಿತೆಂದು ದೊಡ್ಡವರು ಕಲಿಯುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡು ದಿನದಿನಕ್ಕೆ ದನಿ ಏರಿಸುತ್ತಾರೆ. ಅಕ್ಕನ ಮನೆಯಲ್ಲಿ ನಡೆದದ್ದು ಇದೇ.

ನನ್ನ ಮನೆಯಲ್ಲಿ ನಡೆದದ್ದೂ ಇದೇ, ಬರೆಯದಿದ್ದರೆ ತಪ್ಪಾಗುತ್ತದೆ. ನನ್ನ ಮಗ ಲೆಕ್ಕ ತಪ್ಪಿದಾಗ ಕಾಫಿ ಗಿಡದ ಚಿಗುರುಕಡ್ಡಿ ಮುರಿದು ಬಾರಿಸಿದ್ದೇನೆ. ಒಂಬತ್ತನೆಯ ವರ್ಷಕ್ಕೆ, ಶಿಸ್ತು ಬರಲೆಂದು ದೂರದ ಹಾಸ್ಟೆಲಿಗೆ ಸೇರಿಸಿದೆ. ತೋಟದವರಲ್ಲಿ ಇದು ರೂಢಿ ತಾನೆ? ಶಿಸ್ತು ಬಂತು. ಈಗ ಒಳ್ಳೆಯ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಮಳೆ ಎಷ್ಟಾಯಿತು ಎಂದು ಕೇಳುತ್ತಾನೆ, ನಾನು ಇಂಚು ಹೇಳುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ.

ಇನ್ನು ವಿಳಾಸಗಳ ವಿಚಾರ. ಮಂಗಳವಾರದ ಏರ್ಪಾಡು ಸಂಪಗಾಂವ ಸೀಮೆಗೆ ಮಾತ್ರವಲ್ಲ, ನಮ್ಮ ಘಟ್ಟದ ತಾಲೂಕುಗಳಿಗೂ ಅದೇ. ದಾರಿ ದೂರವಾದವರು 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸೇವೆ ಅದು, ಹಗಲು ರಾತ್ರಿ ಉಂಟು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಅಪಾಯವಿದ್ದರೆ, ಓಡಿಹೋಗಿದ್ದರೆ, ಯಾರಾದರೂ ಹಿಂಸಿಸುತ್ತಿದ್ದರೆ 1098. ಮಾತು ಬಾರದ, ಕಿವಿ ಕೇಳದ ಮಕ್ಕಳಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಧಾರವಾಡದ ಕೃಷಿ ಮೇಳಕ್ಕೆ ಹೋದವರು ಬೀಜ, ಯಂತ್ರ ನೋಡಿ ಬರುತ್ತೀರಿ. ಅದೇ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಬೆಳವಣಿಗೆ ಮತ್ತು ಕುಟುಂಬವನ್ನೇ ಅಭ್ಯಾಸ ಮಾಡುವ ವಿಭಾಗವಿದೆಯೆಂಬುದು ಎಷ್ಟು ಜನರಿಗೆ ಗೊತ್ತು? ಶಾಲೆಯಲ್ಲಿ ಮಗುವಿಗೆ ಹೊಡೆಯುತ್ತಿದ್ದರೆ ನೀವು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಅದನ್ನು ನಿಷೇಧಿಸಿದೆ.

ಕುಂದುಗಳೂ ಇವೆ. ಧಾರವಾಡಕ್ಕೆ ನಾಲ್ಕು ಸಲ ಹೋಗಿಬಂದದ್ದಕ್ಕೆ ಬಸ್ಸು, ಊಟ, ಕೆಲಸ ಕೆಟ್ಟದ್ದು ಸೇರಿ ಅಕ್ಕನಿಗೆ ಭಾರವಾಯಿತು. ಕೂಲಿಯವರು ಎರಡನೆಯ ಸಲ ಹೋಗುವುದೇ ಇಲ್ಲ. ನಮ್ಮ ತೋಟಗಳಿಗೆ ಕೊಯ್ಲಿಗೆ ಬರುವವರಲ್ಲಿ ಸವದತ್ತಿ, ರಾಮದುರ್ಗದ ಕಡೆಯ ಕುಟುಂಬಗಳೂ ಇವೆ, ಅವರ ಮಕ್ಕಳು ಮೂರು ತಿಂಗಳು ಅಲ್ಲಿಯ ಶಾಲೆಯಲ್ಲೂ ಇಲ್ಲ, ಇಲ್ಲಿಯ ಶಾಲೆಯಲ್ಲೂ ಇಲ್ಲ. ತಪಾಸಣೆಯ ತಂಡಕ್ಕೆ ಅವರು ಸಿಗುವುದು ಎಲ್ಲಿ?

ಹುಡುಗ ಪೂರ್ತಿ ಸರಿಹೋಗಿದ್ದಾನೆ ಎನ್ನಲಾರೆ. ಕಿವಿ ಒಣಗಿದೆ, ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂಡಿಸುತ್ತಾರೆ. ಹೋದ ತಿಂಗಳು ಮತ್ತೆ ಒಬ್ಬನಿಗೆ ಪಾಟಿಯಿಂದ ಹೊಡೆದನಂತೆ. ಸೊಸೆ ದೀಪಾವಳಿಗೆ ಬಂದವಳು ಪುಣೆಗೆ ಮರಳಿ ಹೋಗಲಿಲ್ಲ, ಊರಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಬಾವಿಗೆ ಕಟ್ಟೆ ಕಟ್ಟಿಸಿದ್ದೇವೆ.

ಇಂಥ ಚಿಕಿತ್ಸೆಗೆ ಹೋಗುವ ಸದಸ್ಯರಿಗೂ ತೋಟದ ಕೂಲಿಕಾರರಿಗೂ ಬಸ್ಸಿನ ಖರ್ಚನ್ನು ಸಂಘದ ಕಲ್ಯಾಣ ನಿಧಿಯಿಂದ ಕೊಡಬೇಕೆಂಬ ಸೂಚನೆಯನ್ನು ಆಡಳಿತ ಮಂಡಳಿಯ ಮುಂದಿನ ಸಭೆಗೆ ಇಟ್ಟಿದ್ದೇನೆ. ಮಂಗಳವಾರದ ದಿನಾಂಕಗಳನ್ನು ಕಚೇರಿಯ ಫಲಕದಲ್ಲಿ, ಅಡಿಕೆ ಧಾರಣೆಯ ಪಕ್ಕದಲ್ಲೇ ಬರೆಸಲಾಗುವುದು. ವಿಚಾರಿಸಬೇಕಾದವರು ಸಂಜೆ ಐದರ ಮೇಲೆ ಬನ್ನಿರಿ, ಆಗ ಕಚೇರಿಯಲ್ಲಿ ನಾನೊಬ್ಬನೇ ಇರುತ್ತೇನೆ.

— ಕಾರ್ಯದರ್ಶಿ