ವೇಗವರ್ಧನೆಯ ಬಳಿಕ ಏಳದ ಗಣಕಯಂತ್ರ: ಶಾಸನಾಭ್ಯಾಸಿಗಳಿಗೆ ಒಂದು ವಿವರಣೆ

ಕೆಂಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯ ಶಾಸನಗಳಿಗೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ತುಮಕೂರು ಸಂಪುಟವು (ಸಂ. 12, 1904) ಇಂದಿಗೂ ಮುಖ್ಯ ಆಕರವಾಗಿದೆ. ಆದರೆ ಈಗ ನಾವು ಒಂದೊಂದು ಕಲ್ಲಿನ ನೂರಾರು ಛಾಯಾಚಿತ್ರಗಳನ್ನು ಗಣಕಯಂತ್ರದಲ್ಲಿ ಹೊಂದಿಸಿ ಸವೆದ ಅಕ್ಷರಗಳನ್ನು ಓದಲೂ ಯತ್ನಿಸುತ್ತೇವೆ. ಈ ಕಾರ್ಯಕ್ಕೆ ಗಂಟೆಗಟ್ಟಲೆ ಹಿಡಿಯುವುದರಿಂದ ಪ್ರೊಸೆಸರಿನ ವೇಗವನ್ನು ನಿಗದಿಗಿಂತ ಹೆಚ್ಚಿಸುವ ‘ಓವರ್‌ಕ್ಲಾಕಿಂಗ್’ಗೆ ಕೆಲವರು ಕೈಹಾಕುವರು, ಬಳಿಕ ಯಂತ್ರವು ಏಳದಿದ್ದರೆ ಸಂಗ್ರಹವೆಲ್ಲ ನಾಶವಾಯಿತೆಂದು ಕಳವಳಪಡುವರು.

ಇದರ ಕಾರಣವನ್ನು ಮೊದಲು ವಿವೇಚಿಸೋಣ. ಪ್ರೊಸೆಸರಿನ ವೇಗವೆಂದರೆ ಮೂಲ ಬಡಿತ ಮತ್ತು ಗುಣಕ ಇವುಗಳ ಗುಣಲಬ್ಧ. 100 ಮೆಗಾಹರ್ಟ್ಸ್ ಬಡಿತಕ್ಕೆ 36ರ ಗುಣಕವಿದ್ದರೆ ವೇಗವು 3.6 ಗಿಗಾಹರ್ಟ್ಸ್; ಗುಣಕವನ್ನು 42ಕ್ಕೆ ಏರಿಸಿದರೆ 4.2. ಹೆಚ್ಚಿದ ವೇಗಕ್ಕೆ ವೋಲ್ಟೇಜು ಸಾಲದಿದ್ದರೆ ಲೆಕ್ಕ ತಪ್ಪುತ್ತದೆ. ವೋಲ್ಟೇಜನ್ನು ಹೆಚ್ಚಿಸಿದರೆ ಶಾಖವು ಅದರ ವರ್ಗಕ್ಕನುಗುಣವಾಗಿ, ಅಂದರೆ ಶೇ. 10ಕ್ಕೆ ಸುಮಾರು ಶೇ. 21ರಂತೆ, ಏರುತ್ತದೆ. ಆಗ ಯಂತ್ರವು ಆರಂಭದ ಸ್ವಯಂಪರೀಕ್ಷೆಯನ್ನೇ ದಾಟಲಾರದು. ಫ್ಯಾನು ತಿರುಗಿದರೂ ಪರದೆ ಬೆಳಗದು.

ಆದರೆ ಈ ಹೊಂದಿಕೆಗಳಿರುವುದು ಮದರ್‌ಬೋರ್ಡಿನ ಸ್ಮೃತಿಯಲ್ಲಿ, ಛಾಯಾಚಿತ್ರಗಳಿರುವುದು ಡಿಸ್ಕಿನಲ್ಲಿ. ಮೊದಲನೆಯದನ್ನು ಅಳಿಸಿದರೆ ಎರಡನೆಯದು ಅಳಿಯುವುದಿಲ್ಲ. ಆದ್ದರಿಂದ ಕ್ರಮವಾಗಿ ಹೀಗೆ ಮಾಡತಕ್ಕದ್ದು. ಮೊದಲು ಕೆಲವು ನಿಮಿಷ ಕಾಯಬೇಕು. ಅನೇಕ ಬೋರ್ಡುಗಳು ಎರಡು ಮೂರು ಬಾರಿ ಸೋತ ಮೇಲೆ ತಾವೇ ಮೂಲಸ್ಥಿತಿಗೆ ಮರಳುತ್ತವೆ. ಮರಳದಿದ್ದರೆ ವಿದ್ಯುತ್ ತಂತಿಯನ್ನು ಕಿತ್ತು, ಉಳಿದ ವಿದ್ಯುತ್ತು ಹರಿದುಹೋಗುವಂತೆ ಪವರ್ ಗುಂಡಿಯನ್ನೊತ್ತಿ, ಕೈಪಿಡಿಯಲ್ಲಿ ಹೇಳಿದಂತೆ ‘ಕ್ಲಿಯರ್ ಸಿಮಾಸ್’ ಗುಂಡಿಯನ್ನೋ ಜಂಪರನ್ನೋ ಬಳಸಬೇಕು. ಅದಿಲ್ಲದ ಹಲವು ಬೋರ್ಡುಗಳಲ್ಲಿ 3 ವೋಲ್ಟಿನ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಸಾಕು. ಆಗಲೂ ಏಳದಿದ್ದರೆ ಒಂದೇ ರ್‍ಯಾಮ್ ಪಟ್ಟಿಯನ್ನಿಟ್ಟು ಪರೀಕ್ಷಿಸುವುದು.

ಯಂತ್ರವು ಎದ್ದ ಮೇಲೆ ‘ಆಪರೇಟಿಂಗ್ ಸಿಸ್ಟಂ ಇಲ್ಲ’ ಎಂದು ತೋರಿಸಬಹುದು. ಅಂಥಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇಬಾರದು. ಅಳಿಸಿಹೋದ ಬೂಟ್ ಹೊಂದಿಕೆಯನ್ನು ಬಯೋಸಿನಲ್ಲಿ ಮೊದಲಿನಂತೆ ಇಟ್ಟು ನೋಡಬೇಕು. ಸಂಗ್ರಹವು ನಾಶವಾಗುವುದು ಹೆಚ್ಚಾಗಿ ಈ ಅವಸರದಿಂದಲೇ ಹೊರತು ಯಂತ್ರದ ಮೌನದಿಂದಲ್ಲ.

ಏಳದ ಯಂತ್ರವಾದರೋ ತನ್ನ ದೋಷವನ್ನು ತಾನೇ ಸಾರುತ್ತದೆ. ಎದ್ದು, ನಡುನಡುವೆ ತಪ್ಪು ಲೆಕ್ಕ ಮಾಡುತ್ತ, ಬರೆಯುವ ಕಡತವನ್ನು ಸದ್ದಿಲ್ಲದೆ ಕೆಡಿಸುವ ಯಂತ್ರವೇ ಹೆಚ್ಚು ಅಪಾಯಕಾರಿ. ಒಡೆದ ಕಲ್ಲನ್ನು ನಾವು ಒಡೆದದ್ದೆಂದೇ ಬಲ್ಲೆವು. ತಪ್ಪಾದ ಪ್ರತಿಯನ್ನಾದರೋ ನಿಜವೆಂದು ನಂಬಿಬಿಡುತ್ತೇವೆ. ಆದುದರಿಂದ ವೇಗವನ್ನು ಹೆಚ್ಚಿಸಲೇಬೇಕೆನ್ನುವವರು ಮೊದಲು ಬೇರೊಂದು ಡಿಸ್ಕಿನಲ್ಲಿ ಪ್ರತಿಯನ್ನಿಡಲಿ. ಒಮ್ಮೆಗೆ ಒಂದೇ ಹೊಂದಿಕೆಯನ್ನು ಬದಲಿಸಿ, ಗಂಟೆಗಟ್ಟಲೆ ಪರೀಕ್ಷಿಸಲಿ. ಆ ಪರೀಕ್ಷೆಯನ್ನು ಬೇಸಗೆಯ ಮಧ್ಯಾಹ್ನದ ಸೆಕೆಯಲ್ಲಿಯೂ ನಡೆಸಲಿ. ಶಾಸನದ ಪ್ರತಿಯನ್ನು ಉಳಿಸುವ ಯಂತ್ರಕ್ಕೆ ನಿಗದಿತ ವೇಗವೇ ಲೇಸೆಂಬುದು ನಮ್ಮ ಅಭಿಪ್ರಾಯ.